ಪಿಸುಮಾತಪ್ಪನ ಎಡಗಣ್ಣು

ಟಪಾಲು ವಿಭಾಗದ ಗುಮಾಸ್ತನಿಗೆ ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವನು ಪಿಸುಮಾತಪ್ಪ. ವರ್ಷಕ್ಕೊಮ್ಮೆ ಕಚೇರಿಯವರೇ ಆಡುವ ನಾಟಕದಲ್ಲಿ ಪಕ್ಕದ ಪರದೆಯ ಮರೆಯಲ್ಲಿ ನಿಂತು, ಟಾರ್ಚು ಹಿಡಿದು, ಮಾತು ಮರೆತವರಿಗೆ ಪಿಸುದನಿಯಲ್ಲಿ ಹೇಳಿಕೊಡುವ ಪ್ರಾಂಪ್ಟರ್ ಅವನು. ಮಾತು ಮರೆಯುವವರು ಒಬ್ಬರೇ ಒಬ್ಬರು, ಕಚೇರಿಯ ಸಾಹೇಬರು. ಮನೆಯಿಂದ ತರಬೇಕಾದ ಮೂರು ಸಾಮಾನು ನೆನಪಿಟ್ಟುಕೊಳ್ಳಲಾರದ ಆ ದೊಡ್ಡ ಮನುಷ್ಯರು ಪ್ರತಿ ವರ್ಷ ಹಟ ಹಿಡಿದು ನಾಯಕನ ಪಾತ್ರವನ್ನೇ ತೆಗೆದುಕೊಳ್ಳುತ್ತಿದ್ದರು. ಉಳಿದ ಯಾರೂ ಪ್ರಾಂಪ್ಟರ್ ಆಗಲು ಒಪ್ಪುತ್ತಿರಲಿಲ್ಲ. ಒಂದೂವರೆ ವರ್ಷದ ಹಿಂದೆ ವರ್ಗವಾಗಿ ಬಂದವನಿಗೆ ಇದು ಗೊತ್ತಿರಲಿಲ್ಲವಾದ್ದರಿಂದ ಅವನು ಒಪ್ಪಿಬಿಟ್ಟಿದ್ದ.

ಹೋದ ವರ್ಷ ಅವನು ಮೂರು ಸೆಲ್ಲಿನ ಉದ್ದನೆಯ ಟಾರ್ಚು ತಂದಿದ್ದ. ನಾಟಕದ ಕೊನೆಯಲ್ಲಿ ರಾಜನಾಗಿದ್ದ ಸಾಹೇಬರು ಪ್ರಾಣ ಬಿಡುತ್ತಿದ್ದರು, ರಂಗದ ಮೇಲೆ ಕತ್ತಲೆ ಕವಿದಿತ್ತು, ಹೆಂಗಸರ ಸಾಲಿನಲ್ಲಿ ಇಬ್ಬರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಅರಮನೆಯ ಗೋಡೆಯ ಮೇಲೆ ಪಿಸುಮಾತಪ್ಪನ ಟಾರ್ಚಿನಿಂದ ಎರಡಾಳುದ್ದದ ಮೂಗಿನ ನೆರಳೊಂದು ಮೂಡಿತು. ಅದರ ಕೆಳಗೆ ಅಷ್ಟೇ ದೊಡ್ಡ ತುಟಿಗಳು ಅಲ್ಲಾಡಿ, ರಾಜ ಆಡಬೇಕಾದ ಮಾತನ್ನು ರಾಜನಿಗಿಂತ ಮೊದಲೇ ಆಡಿದವು. ಸಭೆ ನಕ್ಕ ನಗುವಿಗೆ ಸತ್ತ ರಾಜ ಎದ್ದು ಕೂತು ಪಕ್ಕದ ಪರದೆಯ ಕಡೆ ದುರುಗುಟ್ಟಿ ನೋಡಿದ. ಮರುದಿನವೇ ಸಾಹೇಬರು ವರ್ಗಾವಣೆಯ ಪಟ್ಟಿಗೆ ಪಿಸುಮಾತಪ್ಪನ ಹೆಸರು ಬರೆದು ಕಳಿಸಿದರು. ಹೋಗಬೇಕಾದದ್ದು ಮೂರು ಬಸ್ಸು ಬದಲಾಯಿಸುವ ಊರಿಗೆ. ವರ್ಷವಿಡೀ ಮುಖ್ಯ ಕಚೇರಿಯಲ್ಲಿ ಮಲಗಿದ್ದ ಆ ಪಟ್ಟಿ ಈಗ ಹೊರಡುವುದರಲ್ಲಿತ್ತು.

ಈಗ ಪಿಸುಮಾತಪ್ಪನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಐದು ವರ್ಷದಲ್ಲಿ ಮೂರು ಊರು ಆಗಿತ್ತು, ಈ ಊರು ನಾಲ್ಕನೆಯದು. ಹೆಂಡತಿ ಹಾಲ್‌ನಲ್ಲಿ ಹೊಲಿಗೆ ಯಂತ್ರ ಇಟ್ಟು ಹನ್ನೊಂದು ಜನಕ್ಕೆ ಹೊಲಿಗೆ ಕಲಿಸುವಷ್ಟು ನೆಲೆಯಾಗಿದ್ದಳು. ಮಗಳು ಹತ್ತನೇ ತರಗತಿ. “ಅಪ್ಪಾ, ಈ ಸಲ ನಾನು ಗೆಳತಿಯರನ್ನ ಮಾಡ್ಕೊಳ್ಲಾ, ಬೇಡ್ವಾ? ಮೊದಲೇ ಹೇಳ್ಬಿಡು,” ಎಂದು ಅವಳು ಕೇಳಿದ ದಿನ ಅವನು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದ. ನಾಟಕಕ್ಕೆ ಹದಿನೈದು ದಿನ ಇರುವಾಗ ಅವನು ಸಾಹೇಬರ ಕೋಣೆಗೆ ನುಗ್ಗಿ ಮೇಜು ಹಿಡಿದುಕೊಂಡು ನಿಂತುಬಿಟ್ಟ.

“ಸರಿ ಕಣಯ್ಯ,” ಎಂದರು ಸಾಹೇಬರು. “ವಾರ್ಷಿಕೋತ್ಸವಕ್ಕೆ ಮುಖ್ಯ ಕಚೇರಿಯಿಂದ ಹಿರಿಯ ಅಧಿಕಾರಿ ಬರ್ತಾರೆ. ಪಟ್ಟಿ ಅವರ ಕೈಲೇ ಇರುತ್ತೆ. ನಾಟಕ ಸಲೀಸಾಗಿ ಆದ್ರೆ ನಿನ್ನ ಹೆಸರು ತೆಗೆಸ್ತೀನಿ. ಮಾತು ಕೊಟ್ಟಿದೀನಿ. ಆದ್ರೆ ಬೆಳಕು ಕಾಣಬಾರ್ದು. ಮೂಗೂ ಕಾಣಬಾರ್ದು.”

ಅಂದು ಸಂಜೆಯೇ ಅವನು ಟಾರ್ಚಿನ ಅಂಗಡಿಗೆ ಓಡಿದ. “ಇರೋದ್ರಲ್ಲೆಲ್ಲ ಕಡಿಮೆ ಬೆಳಕಿನ ಟಾರ್ಚು ಕೊಡಿ.”

ಅಂಗಡಿಯವನು ಇಪ್ಪತ್ತು ವರ್ಷದಿಂದ ಟಾರ್ಚು ಮಾರುತ್ತಿದ್ದ. ಇಂಥ ಬೇಡಿಕೆ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. “ಜಾಸ್ತಿ ಬೆಳಕಿಂದಾ?”

“ಕಡಿಮೇದು. ಇದೆಯೋ ಇಲ್ಲವೋ ಅನ್ನೋ ಹಾಗಿರ್ಬೇಕು.”

ಬೆರಳುದ್ದದ ಒಂದು ಟಾರ್ಚು ಹೊರಬಂತು. ಅದಕ್ಕೆ ಒಂದೇ ಗುಂಡಿ. ಒಮ್ಮೆ ಒತ್ತಿದರೆ ಹಗಲಿನಂಥ ಬೆಳಕು, ಎರಡು ಸೆಕೆಂಡು ಒತ್ತಿ ಹಿಡಿದರೆ ‘ಬೆಳದಿಂಗಳ ಮೋಡ್’. ಅಂಗಡಿಯವನು ಒತ್ತಿ ಹಿಡಿದ.

“ಹತ್ತಲೇ ಇಲ್ಲ,” ಎಂದ ಪಿಸುಮಾತಪ್ಪ.

“ಉರೀತಿದೆ ಸ್ವಾಮಿ.”

“ಎಲ್ಲಿ?”

“ಇಲ್ಲೇ. ಅಂಗಡಿ ದೀಪದಲ್ಲಿ ಕಾಣಲ್ಲ ಅಷ್ಟೆ. ಬನ್ನಿ ಹೀಗೆ.”

ಇಬ್ಬರೂ ಗಲ್ಲಾದ ಮೇಜಿನ ಕೆಳಗೆ ತಲೆ ತೂರಿಸಿದರು. ಅಂಗಡಿಯವನು ಮೇಲೊಂದು ಗೋಣಿಚೀಲ ಎಳೆದುಕೊಂಡ. ಅಲ್ಲಿ, ಇಬ್ಬರ ಮೂಗಿನ ನಡುವೆ, ಕಂಡೂ ಕಾಣದಷ್ಟು ಬೆಳಕು ನಿಜವಾಗಿಯೂ ಇತ್ತು. ಪಿಸುಮಾತಪ್ಪನಿಗೆ ಮೈ ಜುಮ್ಮೆಂದಿತು. ಅಷ್ಟರಲ್ಲಿ ಬಂದ ಹೆಂಗಸೊಬ್ಬರು ಎರಡು ಜೊತೆ ಕಾಲು ಮಾತ್ರ ಹೊರಗೆ ಚಾಚಿಕೊಂಡಿದ್ದನ್ನು ಕಂಡು, ಬಲ್ಬು ಕೊಳ್ಳದೆಯೇ ಹೊರಟುಹೋದರು.

ಟಾರ್ಚಿನ ಡಬ್ಬಿಯಲ್ಲಿ ಎಂಟು ಮಡಿಕೆಯ ಕಾಗದವೊಂದಿತ್ತು. ಪ್ರಪಂಚದಲ್ಲಿ ಯಾರೂ ಓದದ ಆ ಕಾಗದವನ್ನು ಪಿಸುಮಾತಪ್ಪ ಕೂತು ಪೂರ್ತಿ ಓದಿದ. ಅಲ್ಲಿಂದಲೇ ಎಲ್ಲ ಹಾಳಾಯಿತು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಹೊಂದಿಕೊಂಡ ಕಣ್ಣಿಗೆ ಬೆಳದಿಂಗಳ ಮೋಡ್ ಧಾರಾಳ ಸಾಕು, ಆದರೆ ಒಂದು ಸಲ ಪ್ರಖರ ಬೆಳಕು ಬಿದ್ದರೆ ಗಳಿಸಿದ್ದೆಲ್ಲ ಹೋಯಿತು, ಬೆಳಕಿಗೆ ಹೋಗಲೇಬೇಕಾದರೆ ಒಂದು ಕಣ್ಣನ್ನಾದರೂ ಮುಚ್ಚಿಕೊಳ್ಳಿ ಎಂದು ಅದರಲ್ಲಿ ಬರೆದಿತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ಪಿಸುಮಾತಪ್ಪ ಹೇಗಾದಾನು? ಲೆಕ್ಕ ಹಾಕಿದ. ಅರ್ಧ ಗಂಟೆಗೆ ಕಣ್ಣು ಇಷ್ಟು ಚುರುಕಾದರೆ, ಎಂಟು ದಿನ ಮುಚ್ಚಿಟ್ಟ ಕಣ್ಣು ಎಷ್ಟು ಚುರುಕಾಗಬೇಕು? ಎಂಟು ದಿನಕ್ಕೆ ಮುನ್ನೂರ ಎಂಬತ್ತನಾಲ್ಕು ಅರ್ಧ ಗಂಟೆ. ಆ ಕಣ್ಣಿಗೆ ಕಾಗದದ ಮೇಲಿನ ಅಕ್ಷರವೇನು, ಕಾಗದದ ಒಳಗಿನ ಎಳೆಯೂ ಕಾಣಬೇಕು.

ನಾಟಕಕ್ಕೆ ಸರಿಯಾಗಿ ಎಂಟು ದಿನ ಇರುವಾಗ ಅವನು ಹೆಂಡತಿಯ ಹೊಲಿಗೆ ಬುಟ್ಟಿಯಿಂದ ಕಪ್ಪು ಲೈನಿಂಗ್ ಬಟ್ಟೆ ತೆಗೆದು, ನಾಲ್ಕು ಮಡಿಕೆ ಮಾಡಿ, ಎಡಗಣ್ಣಿನ ಮೇಲೆ ಕಟ್ಟಿಕೊಂಡ.

ಒಂದೇ ಕಣ್ಣಿನ ಸಂಸಾರ ಸುಲಭವಲ್ಲ. ನೀರಿನ ಲೋಟಕ್ಕೆ ಎಂದು ಬಗ್ಗಿಸಿದ ನೀರು ಲೋಟದ ಪಕ್ಕಕ್ಕೆ ಬಿತ್ತು. ಬಾಗಿಲ ಚೌಕಟ್ಟಿಗೆ ಎಡಭುಜ ದಿನಕ್ಕೆ ಹತ್ತು ಸಲ ತಾಗಿತು. ಹೊಲಿಗೆ ಕಲಿಯಲು ಬಂದ ಹನ್ನೊಂದು ಜನರೂ ಸೂಜಿಗೆ ದಾರ ಪೋಣಿಸುವುದು ಬಿಟ್ಟು ಅವನನ್ನೇ ನೋಡಿದರು. ಹೆಂಡತಿ ಕಾಗದದ ವಿಷಯ, ಅರ್ಧ ಗಂಟೆಯ ವಿಷಯ, ಮುನ್ನೂರ ಎಂಬತ್ತನಾಲ್ಕರ ವಿಷಯ ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡಳು.

“ಎರಡು ಕಣ್ಣಿದ್ದಾಗ್ಲೇ ನಿಮಗೆ ಮನೇಲಿ ಏನೂ ಕಾಣ್ತಿರ್ಲಿಲ್ಲ,” ಎಂದಳು. “ಇನ್ನು ಒಂದರಲ್ಲಿ ಏನ್ರೀ ಕಾಣುತ್ತೆ?”

“ಕತ್ತಲಲ್ಲಿ ಕಾಣುತ್ತೆ.”

“ಕತ್ತಲಲ್ಲಿ ನೋಡೋಕೆ ಏನಿದೆ?”

ಅವನು ಕಾಗದವನ್ನು ಮತ್ತೆ ಬಿಚ್ಚಿ ಹಿಂದೆ ಮುಂದೆ ಹುಡುಕಿದ. ಆಮೇಲೆ ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬಲಗಣ್ಣಿಗೂ ಒಂದಿಷ್ಟು ಅಭ್ಯಾಸ ಮಾಡಿಸತೊಡಗಿದ. ಒಳಗಿನಿಂದ ಈ ವರ್ಷದ ನಾಟಕದಲ್ಲಿ ಹೆತ್ತ ಮಗನನ್ನೇ ವಿಚಾರಣೆ ಮಾಡುವ ನ್ಯಾಯಾಧೀಶನ ಮಾತುಗಳು ಪಿಸಪಿಸ ಕೇಳಿಸುತ್ತಿದ್ದವು. “ಅಪರಾಧಿಯೇ, ತಲೆ ಎತ್ತು! ನಾನು ನಿನ್ನ ತಂದೆಯಲ್ಲ, ನ್ಯಾಯಾಧೀಶ!” ಮಹಡಿಯ ಮೇಲಿದ್ದ ನಿವೃತ್ತ ಮೇಷ್ಟ್ರು ನೆಲಕ್ಕೆ ಕಿವಿಯಿಟ್ಟು ಕೇಳಿ, ಈ ಮನೆಯಲ್ಲಿ ಯಾರನ್ನೋ ಕೂಡಿಹಾಕಿ ವಿಚಾರಣೆ ನಡೆಸುತ್ತಿದ್ದಾರೆಂದು ಬೀದಿಗೆಲ್ಲ ಹೇಳಿದರು.

ಕಚೇರಿಯಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಟಪಾಲು ವಿಭಾಗದ ಕೆಲಸವೆಂದರೆ ಬಂದ ಕಾಗದಕ್ಕೆಲ್ಲ ತಾರೀಖಿನ ಮೊಹರು ಒತ್ತುವುದು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ. ಮೊದಲ ದಿನ ಮೊಹರು ಮೇಜಿನ ಮೇಲೆ ಬಿತ್ತು, ಎರಡನೆಯ ದಿನ ಜವಾನನ ತೋಳಿನ ಮೇಲೆ, ಮೂರನೆಯ ದಿನ ಹೆಡ್ ಗುಮಾಸ್ತರ ಬೋಳುತಲೆಯ ಮೇಲೆ. ಅವರು ಸಂಜೆಯವರೆಗೂ ‘ಸ್ವೀಕರಿಸಲಾಗಿದೆ’ ಎಂಬ ಮೊಹರು ಹೊತ್ತುಕೊಂಡೇ ಓಡಾಡಿದರು.

“ಕಣ್ಣಿಗೇನಾಯ್ತು ಮಾರಾಯ?” ಎಂದು ಎಲ್ಲರೂ ಕೇಳಿದರು.

“ಒಂದು ಕಾರಣ ಇದೆ,” ಎಂದಷ್ಟೇ ಅವನು ಹೇಳಿದ. ತನ್ನ ವಿದ್ಯೆ ಹೊರಗೆ ಬಿದ್ದರೆ ಬೇರೆ ಯಾರಾದರೂ ಪ್ರಾಂಪ್ಟರ್ ಆಗಿಬಿಡುತ್ತಾರೆಂಬ ಹೆದರಿಕೆ ಅವನದು. ಆ ಕೆಲಸ ಕೈಮುಗಿದು ಕೊಟ್ಟರೂ ಯಾರಿಗೂ ಬೇಡವೆಂಬುದು ಅವನಿಗೆ ಹೊಳೆಯಲೇ ಇಲ್ಲ. ಕಾರಣ ಹೇಳದ ಕಣ್ಣಿಗೆ ಕಚೇರಿಯವರು ತಾವೇ ಕಾರಣ ಹುಡುಕಿದರು. ಜವಾನನ ಪ್ರಕಾರ ಅದು ಹೆಂಡತಿಯ ಕತ್ತರಿ ತಾಗಿದ್ದು. ಹೆಡ್ ಗುಮಾಸ್ತರ ಪ್ರಕಾರ ನರದ ತೊಂದರೆ, ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು, ಅವರ ಷಡ್ಡಕನಿಗೂ ಹೀಗೇ ಆಗಿತ್ತು.

ಐದನೆಯ ದಿನ ಬೆಳಗ್ಗೆ ಹೆಂಡತಿ ಅವನ ಕೈ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಕಪ್ಪು ಬಟ್ಟೆಯ ಅಂಚಿಗೆ ಕೈ ಹಾಕಿ, ಇನ್ನೊಂದು ಕೈಯಲ್ಲಿ ಪುಟ್ಟ ಟಾರ್ಚು ಹೊತ್ತಿಸಿದರು. ಪಿಸುಮಾತಪ್ಪ ಕುರ್ಚಿಯಿಂದ ಪುಟಿದು ಗೋಡೆಗೆ ಅಂಟಿಕೊಂಡ.

“ಡಾಕ್ಟ್ರೇ, ಬೇಡ! ಐದು ದಿನದ ಸಂಪಾದನೆ ಒಂದು ಕ್ಷಣಕ್ಕೆ ಹೋಗುತ್ತೆ!”

“ಬರೀ ಬೆಳಕು ಕಣ್ರೀ, ನೋವಾಗಲ್ಲ.”

“ಬೆಳಕೇ ಬೇಡ! ಕತ್ತಲಲ್ಲೇ ನೋಡ್ಕೊಳ್ಳಿ!”

ಮೂವತ್ತು ವರ್ಷದ ವೃತ್ತಿಯಲ್ಲಿ ಡಾಕ್ಟರಿಗೆ ಯಾರೂ ಈ ಸಲಹೆ ಕೊಟ್ಟಿರಲಿಲ್ಲ. ರೋಗಿ ಬಾಗಿಲಿನಿಂದ, ಅಂದರೆ ಮೊದಲು ಚೌಕಟ್ಟಿನಿಂದ ಮತ್ತು ಆಮೇಲೆ ಬಾಗಿಲಿನಿಂದ, ಓಡಿಹೋದ. ಅರ್ಧ ದಿನದ ರಜೆಗೆ ಬೇಕಲ್ಲ ಎಂದು ಹೆಂಡತಿ ಒಂದು ಚೀಟಿ ಬರೆಸಿಕೊಂಡಳು. “ರೋಗಿಯು ಬೆಳಕನ್ನು ಲವಲೇಶವೂ ಸಹಿಸುತ್ತಿಲ್ಲ. ಪರೀಕ್ಷೆ ಸಾಧ್ಯವಾಗಲಿಲ್ಲ.” ಆ ಚೀಟಿ ರಜೆ ಅರ್ಜಿಗೆ ಅಂಟಿಕೊಂಡು ಟಪಾಲು ವಿಭಾಗಕ್ಕೇ ಬಂತು. ಪಿಸುಮಾತಪ್ಪ ಅದಕ್ಕೆ ತಾನೇ ಮೊಹರು ಒತ್ತಿ, ಬೇರೆ ಕಾಗದಗಳ ಜೊತೆ ಸಾಹೇಬರ ಕೋಣೆಗೆ ಕಳಿಸಿದ.

ಹತ್ತು ನಿಮಿಷದಲ್ಲಿ ಕರೆ ಬಂತು. ಸಾಹೇಬರ ಮುಖ ಬಿಳಿಚಿತ್ತು.

“ಬೆಳಕು ಸಹಿಸಲ್ವಂತೆ?”

“ಸಹಿಸಬಾರ್ದು ಸರ್. ಸಹಿಸಿದ್ರೆ ಎಲ್ಲ ಮುಗೀತು.”

“ಎಷ್ಟು ದಿನದಿಂದ ಹೀಗೆ?”

“ಐದು ದಿನ ಆಯ್ತು ಸರ್. ಇನ್ನು ಮೂರೇ ದಿನ.”

“ಮೂರೇ ದಿನಾನಾ?” ಸಾಹೇಬರು ಕುರ್ಚಿಯ ಕೈ ಹಿಡಿದುಕೊಂಡರು. “ಇದಕ್ಕೆ ಕಾರಣ ಏನಯ್ಯಾ?”

ಪಿಸುಮಾತಪ್ಪ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದ. “ನಿಮಗೆ ಮಾತ್ರ ಹೇಳ್ತೀನಿ ಸರ್. ನಾಟಕಕ್ಕೋಸ್ಕರ. ದಿನಾ ರಾತ್ರಿ ಕತ್ತಲಲ್ಲೇ ನಿಮ್ಮ ಮಾತುಗಳನ್ನ ಓದ್ತಿದೀನಿ. ಮೂರು ದಿನ ಆಗ್ಲಿ, ಆಮೇಲೆ ನನಗೆ ಬೆಳಕೇ ಬೇಕಾಗಲ್ಲ.”

ಸಾಹೇಬರ ಕಣ್ಣಲ್ಲಿ ನೀರು ತುಂಬಿತು. ಬೆಳಕು ಕಾಣಬಾರದು ಎಂದು ತಾವು ಆಡಿದ ಒಂದು ಮಾತಿಗೆ ಈ ಮನುಷ್ಯ ಕಣ್ಣನ್ನೇ ಕಳೆದುಕೊಳ್ಳುತ್ತಿದ್ದಾನಲ್ಲ! “ಬೇರೆ ಯಾರಿಗಾದ್ರೂ ಹೇಳ್ತೀನಿ, ನೀನು ಮನೇಲಿರು,” ಎಂದರು.

“ಅಯ್ಯೋ, ನನ್ನ ಕೈಬಿಡಬೇಡಿ ಸರ್! ನನ್ನ ಮಗಳಿಗೆ ಪರೀಕ್ಷೆ ಇದೆ. ಇನ್ನೊಂದು ಊರಿಗೆ ಹೋಗೋ ಶಕ್ತಿ ನಮ್ಮನೇಲಿ ಯಾರಿಗೂ ಇಲ್ಲ.”

“ಬಿಡಲ್ಲ ಕಣಯ್ಯ,” ಎಂದು ಸಾಹೇಬರು ಎದ್ದು ಬಂದು, ಬಾಗಿಲವರೆಗೆ ಅವನ ತೋಳು ಹಿಡಿದು ನಡೆಸಿದರು. ಇಷ್ಟು ಮರ್ಯಾದೆ ಯಾಕೆಂದು ಪಿಸುಮಾತಪ್ಪನಿಗೆ ಅರ್ಥವಾಗಲಿಲ್ಲ, ಆದರೆ ಚೌಕಟ್ಟಿಗೆ ಭುಜ ತಾಗದೆ ಹೊರಬಂದದ್ದು ಆ ವಾರದಲ್ಲಿ ಅದೊಂದೇ ಸಲ.

ನಾಟಕದ ಸಂಜೆ ಬಂತು. ಸಭಾಂಗಣದ ಮೊದಲ ಸಾಲಿನ ತುದಿಯಲ್ಲಿ, ಪಕ್ಕದ ಪರದೆಗೆ ಮೂರು ಮಾರು ದೂರದಲ್ಲಿ, ಮುಖ್ಯ ಕಚೇರಿಯ ಹಿರಿಯ ಅಧಿಕಾರಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮೂರನೆಯ ಸಾಲಿನಲ್ಲಿ ಹೆಂಡತಿ ಮತ್ತು ಮಗಳು. ಪಿಸುಮಾತಪ್ಪ ಪರದೆಯ ಹಿಂದೆ ಅತ್ತಿಂದಿತ್ತ ಇತ್ತಿಂದತ್ತ ತಿರುಗಿ, ಮೂರು ಸಲ ನೀರು ಕುಡಿದು, ದೀಪಗಳು ಆರಿದ ಮೇಲೆ ಎಂಟು ದಿನದ ಕಟ್ಟನ್ನು ಹಣೆಗೆ ಸರಿಸಿದ. ಟಾರ್ಚಿನ ಗುಂಡಿಯನ್ನು ಎರಡು ಸೆಕೆಂಡು ಒತ್ತಿ ಹಿಡಿದ. ಪುಟದ ಮೇಲೆ ಬೆಳದಿಂಗಳು ಚೆಲ್ಲಿತು, ಅಕ್ಷರಗಳು ಒಂದೊಂದಾಗಿ ಎದ್ದು ನಿಂತವು. ಅರ್ಧ ಗಂಟೆ ಮುಚ್ಚಿಟ್ಟಿದ್ದರೂ ಇಷ್ಟೇ ಕಾಣುತ್ತಿತ್ತು ಎಂದು ಅವನಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ನಾಟಕದ ಅರ್ಧಭಾಗ ಹೊಳೆ ಹರಿದ ಹಾಗೆ ನಡೆಯಿತು. ಪಿಸುಮಾತಪ್ಪ ಪಿಸುಗುಟ್ಟಿದ, ನ್ಯಾಯಾಧೀಶರಾದ ಸಾಹೇಬರು ಗುಡುಗಿದರು. ಒಂದು ಮಾತು ತಪ್ಪಲಿಲ್ಲ, ಒಂದು ಕಡೆ ತಡವರಿಸಲಿಲ್ಲ. ಕೆಲವು ಕಡೆಯಂತೂ ಅವನು ಹೇಳಿಕೊಡುವ ಮೊದಲೇ ಸಾಹೇಬರ ಬಾಯಿಂದ ಮಾತು ಬಂದುಬಿಡುತ್ತಿತ್ತು. ತನ್ನ ಪಿಸುಮಾತು ಅಷ್ಟು ವೇಗವಾಗಿ ಹೋಗುತ್ತಿದೆಯೆಂದು ಅವನು ಹಿಗ್ಗಿದ.

ವಿರಾಮದಲ್ಲಿ ಚಹಾದ ಲೋಟ ಹಿಡಿದುಕೊಂಡು ಅಧಿಕಾರಿಗಳೇ ಪರದೆಯ ಹಿಂದಿನ ಮಬ್ಬುಗತ್ತಲೆಗೆ ಬಂದರು. ಸಾಹೇಬರು ಕರಿ ನಿಲುವಂಗಿ ಎತ್ತಿಕೊಂಡು ಓಡಿಬಂದು ಪಕ್ಕದಲ್ಲಿ ನಿಂತರು.

“ಪ್ರಾಂಪ್ಟರ್ ಯಾರ್ರೀ?” ಎಂದರು ಅಧಿಕಾರಿ. “ಪಿಸುಮಾತು ಒಂದೊಂದೂ ಕೇಳಿಸ್ತಿತ್ತು, ಬೆಳಕು ಮಾತ್ರ ಒಂದು ಚೂರೂ ಕಾಣ್ಲಿಲ್ಲ. ಆ ಕತ್ತಲಲ್ಲಿ ಹೇಗ್ರೀ ಓದಿದ್ರಿ?”

ಸಂಕೋಚ, ಹೆಮ್ಮೆ ಎರಡೂ ಒಟ್ಟಿಗೆ ನುಗ್ಗಿಬಂದು ಪಿಸುಮಾತಪ್ಪ ಕಾಗದದ ವಿಷಯವನ್ನೆಲ್ಲ ಒಂದೇ ಉಸಿರಿಗೆ ಒದರಿಬಿಟ್ಟ. ಕೇಳುತ್ತ ಕೇಳುತ್ತ ಸಾಹೇಬರ ಬಾಯಿ ತೆರೆದುಕೊಂಡಿತು. ಅವರು ಅವನ ಎಡಗಣ್ಣನ್ನು ನೋಡಿದರು, ಬಲಗಣ್ಣನ್ನು ನೋಡಿದರು. ಎರಡೂ ಅವರನ್ನೇ ನೋಡುತ್ತಿದ್ದವು.

“ಅದ್ಭುತ!” ಎಂದರು ಅಧಿಕಾರಿ. “ಮುಖ್ಯ ಕಚೇರಿ ನಾಟಕದಲ್ಲಿ ನಾನೇ ನಾಯಕ. ನಮ್ಮ ಪ್ರಾಂಪ್ಟರ್ ಟಾರ್ಚು ಹಾಕಿದ್ರೆ ಇಡೀ ಸಭೆಗೆ ಬೆಳಗಾಗುತ್ತೆ. ನೀವು ನಮ್ಮಲ್ಲಿಗೆ ಬಂದ್ಬಿಡಿ. ನಾಳೇನೇ ಆರ್ಡರ್ ಕಳಿಸ್ತೀನಿ.”

“ಸರ್,” ಎಂದು ಸಾಹೇಬರು ಮಧ್ಯೆ ಬಾಯಿ ಹಾಕಿದರು, “ಇವನ ಹೆಸರು ವರ್ಗಾವಣೆ ಪಟ್ಟಿಯಿಂದ ತೆಗೀಬೇಕು ಅಂತ ನಾನೇ ಕೇಳೋನಿದ್ದೆ.”

“ತೆಗೆದೆ. ಆ ಊರಿಂದ ತೆಗೆದೆ, ನಮ್ಮೂರಿಗೆ ಹಾಕಿದೆ.” ಚಹಾ ಮುಗಿಸಿ, ಖಾಲಿ ಲೋಟವನ್ನು ಪಿಸುಮಾತಪ್ಪನ ಕೈಗೆ ಕೊಟ್ಟು ಅವರು ಹೊರಟುಹೋದರು.

ಖಾಲಿ ಲೋಟ ಹಿಡಿದುಕೊಂಡೇ ಪಿಸುಮಾತಪ್ಪ ಲೆಕ್ಕ ಹಾಕಿದ. ನಾಟಕ ಕೆಟ್ಟರೆ ಮೂರು ಬಸ್ಸಿನ ಊರು, ಚೆನ್ನಾದರೆ ಮುಖ್ಯ ಕಚೇರಿಯ ಊರು. ಎರಡೂ ಕಡೆ ಮಗಳಿಗೆ ಹೊಸ ಶಾಲೆ. ಪರದೆಯ ಸಂದಿಯಿಂದ ನೋಡಿದರೆ ಅವಳು ಪಕ್ಕದಲ್ಲಿದ್ದ ಗೆಳತಿಯ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದಳು. ಅಂದರೆ ಗೆಳತಿಯನ್ನು ಮಾಡಿಕೊಂಡೇಬಿಟ್ಟಿದ್ದಳು. ಇನ್ನು ಒಂದಕ್ಷರವೂ ಹೇಳಿಕೊಡುವುದಿಲ್ಲ, ಆದದ್ದಾಗಲಿ ಎಂದು ಅವನು ತುಟಿ ಬಿಗಿದು ನಿಂತ. ಗಂಟೆ ಹೊಡೆಯಿತು.

ಪರದೆ ಎದ್ದಿತು. ನ್ಯಾಯಾಧೀಶರು ಸುತ್ತಿಗೆ ಎತ್ತಿ ಗಂಭೀರವಾಗಿ ನುಡಿದರು: “ಅಪರಾಧಿಯೇ, ತಲೆ ತಗ್ಗಿಸು!”

“ತಲೆ ಎತ್ತು,” ಎಂದಿತು ಪಿಸುಮಾತಪ್ಪನ ನಾಲಿಗೆ, ಯಜಮಾನನನ್ನು ಕೇಳದೆ. ತಪ್ಪು ಮಾತು ಕಿವಿಗೆ ಬಿದ್ದರೆ ಸುಮ್ಮನಿರುವುದು ಅದಕ್ಕೆ ಗೊತ್ತಿರಲಿಲ್ಲ.

“ನಾನು ನಿನ್ನ ನ್ಯಾಯಾಧೀಶನಲ್ಲ, ನಿನ್ನ ತಂದೆಯ... ತಮ್ಮ!”

“ತಂದೆಯಲ್ಲ ಸರ್, ತಂದೆಯಲ್ಲ, ನ್ಯಾಯಾಧೀಶ!” ಪಿಸುಮಾತು ಸ್ವಲ್ಪ ದಪ್ಪಗಾಯಿತು. ಅಧಿಕಾರಿಗಳು ಪರದೆಯ ಕಡೆ ಕತ್ತು ತಿರುಗಿಸಿದರು. ಮಗನ ಪಾತ್ರದ ಟೈಪಿಸ್ಟ್ ಚಿಕ್ಕಪ್ಪನೆಂದು ಕರೆಯಬೇಕೋ ಬೇಡವೋ ತಿಳಿಯದೆ ಕೈಕೋಳದೊಂದಿಗೆ ಒಮ್ಮೆ ಕೂತು ಒಮ್ಮೆ ಎದ್ದ.

ಅಲ್ಲಿಂದ ಮುಂದೆ ಸಾಹೇಬರು ಹಿಡಿದ ದಾರಿ ನಾಟಕದ ಪುಸ್ತಕದಲ್ಲೆಲ್ಲೂ ಇರಲಿಲ್ಲ. ಕೊಲೆಯ ಆಪಾದನೆಯನ್ನು ಕೋಳಿ ಕಳ್ಳತನ ಮಾಡಿದರು. ಸಾಕ್ಷಿ ಹೇಳಬೇಕಾದ ವಿಧವೆಗೆ ಗಂಡ ಕ್ಷೇಮವೇ ಎಂದು ಕೇಳಿದರು. ಒಂದೊಂದು ಮಾತು ತಪ್ಪಿದಾಗಲೂ ಪರದೆಯ ಕಡೆ ತಿರುಗಿ, “ಹಾಂ? ಏನು? ಕೇಳಿಸ್ಲಿಲ್ಲ!” ಎಂದು ಸಭೆಗೆಲ್ಲ ಕೇಳುವಂತೆ ಗದರಿದರು. ಪಿಸುಮಾತಪ್ಪನ ಪಿಸುಮಾತು ಮಾತಾಯಿತು, ಮಾತು ಕೂಗಾಯಿತು. ಬೆವರಿದ ಬೆರಳು ಜಾರಿ ಟಾರ್ಚಿನ ಗುಂಡಿಯನ್ನು ಒಮ್ಮೆ ಒತ್ತಿಬಿಟ್ಟಿತು, ಬೆಳದಿಂಗಳು ಹೋಗಿ ಹಗಲು ಬಂತು. ಕಣ್ಣು ಕುಕ್ಕಿದ ಆ ಬೆಳಕಿಗೆ ಅವನ ಕಣ್ಣೆರಡೂ ಮಂಜಾದವು, ಪುಸ್ತಕ ಕಾಣದಾಯಿತು. ಆದರೂ ಮಾತು ಬಾಯಿಗೆ ಬರುತ್ತಲೇ ಇತ್ತು. ಸಾಮಾನಿನ ಕೋಣೆಯಲ್ಲಿ ಎಂಟು ರಾತ್ರಿ ಓದಿದ್ದು ಎಲ್ಲಿ ಹೋದೀತು?

ಕೊನೆಗೆ ತೀರ್ಪಿನ ಘಳಿಗೆ. ಇಡೀ ನಾಟಕ ನಿಂತದ್ದೇ ಅದರ ಮೇಲೆ. ತಂದೆ ಕರುಳು ಕಿತ್ತು ಬರುವಂತೆ ನಡುಗುತ್ತ, ಹೆತ್ತ ಮಗನಿಗೆ ಜೀವಾವಧಿ ಸೆರೆವಾಸ ವಿಧಿಸಬೇಕು.

“ಬಿಡುಗಡೆ!” ಎಂದರು ಸಾಹೇಬರು.

“ಶಿಕ್ಷೆ ಸರ್, ಶಿಕ್ಷೆ! ಜೀವಾವಧಿ!” ಪಿಸುಮಾತಪ್ಪ ಹಣೆಯ ಮೇಲೆ ಕಪ್ಪು ಬಟ್ಟೆ, ಕೈಯಲ್ಲಿ ಧಗಧಗ ಟಾರ್ಚು ಹಿಡಿದು ರಂಗದ ಮೇಲೇ ಬಂದುಬಿಟ್ಟಿದ್ದ.

“ಒಮ್ಮೆ ಬಿಡುಗಡೆ ಅಂದ್ಮೇಲೆ ಬಿಡುಗಡೆ!” ಸಾಹೇಬರು ಸುತ್ತಿಗೆ ಬಡಿದರು. ಟೈಪಿಸ್ಟ್ ಹೇಗೂ ಬಿಡುಗಡೆಯಾಯಿತಲ್ಲ ಎಂದು ಕೈಕೋಳ ಕಳಚಿ ಮೇಜಿನ ಮೇಲಿಟ್ಟು, ಸಭೆಗೆ ನಮಸ್ಕಾರ ಮಾಡಿ ಹೊರಟುಹೋದ. ಜನ ಕುರ್ಚಿಯಿಂದ ಉರುಳಿ ಉರುಳಿ ನಗುತ್ತಿರುವಾಗ ಪರದೆ ಬಿತ್ತು.

ಅಧಿಕಾರಿ ಕೆಂಪಗಾಗಿ ಪರದೆಯ ಹಿಂದೆ ನುಗ್ಗಿಬಂದರು. ಕಿಸೆಯಿಂದ ಪಟ್ಟಿ ತೆಗೆದು, ಪಿಸುಮಾತಪ್ಪನ ಹೆಸರಿನ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೀಟು ಎಳೆದರು. “ಈ ಮನುಷ್ಯ ನಮಗೆ ಬೇಡ! ಯಾವ ಊರಿಗೂ ಬೇಡ! ಇಂಥ ಪ್ರಾಂಪ್ಟರಿಂದ ಒಂದು ಕಚೇರಿ ಮರ್ಯಾದೆ ಹೋದ್ರೆ ಸಾಕು. ನೀವೇ ಇಟ್ಕೊಳ್ಳಿ ಇವರನ್ನ, ಇಲ್ಲೇ ಇರ್ಲಿ!”

ಅವರ ಬೂಟಿನ ಸದ್ದು ದೂರವಾಗುವವರೆಗೂ ಪಿಸುಮಾತಪ್ಪ ಅಲ್ಲಾಡಲಿಲ್ಲ. ಆಮೇಲೆ ಬಣ್ಣದ ಕೋಣೆಗೆ ಹೋದ. ಸಾಹೇಬರು ಕನ್ನಡಿಯ ಮುಂದೆ ಕೂತು ಅಂಟಿಸಿದ ಮೀಸೆಯನ್ನು ಒದ್ದೆ ಹತ್ತಿಯಿಂದ ನೆನೆಸಿ ಕೀಳುತ್ತಿದ್ದರು.

“ಸರ್, ನಾನು ಸರಿಯಾಗೇ ಹೇಳಿಕೊಟ್ಟೆ ಸರ್. ನಿಮಗೆ ಯಾಕೆ ಕೇಳಿಸ್ಲಿಲ್ಲ ಅಂತ...”

“ಕೇಳಿಸ್ತು ಕಣಯ್ಯ. ಬೀದಿಗೇ ಕೇಳಿಸ್ತು.” ಸಾಹೇಬರು ಅರ್ಧ ಮೀಸೆಯಲ್ಲೇ ಅವನ ಕಡೆ ತಿರುಗಿದರು. “ನಿನ್ನ ಕಣ್ಣು ಹೋಯ್ತು ಅಂತ ಹೆದರ್ಕೊಂಡು ಮೂರು ರಾತ್ರಿ ನಿದ್ದೆಗೆಟ್ಟು ಇಡೀ ಪಾತ್ರ ಬಾಯಿಪಾಠ ಮಾಡಿದ್ದೆ. ಜೀವಮಾನದಲ್ಲಿ ಮೊದಲ್ನೇ ಸಲ. ಒಂದಕ್ಷರ ಮರೆತಿರ್ಲಿಲ್ಲ. ಅಷ್ಟು ಗೊತ್ತಿಲ್ದಿದ್ರೆ ಅಷ್ಟು ಚೆನ್ನಾಗಿ ತಪ್ಪು ಹೇಳೋಕೆ ಬರುತ್ತೇನಯ್ಯಾ?” ಮೀಸೆಯ ಉಳಿದ ಅರ್ಧವನ್ನು ಕಿತ್ತು ಮೇಜಿನ ಮೇಲಿಟ್ಟರು. “ನಿನಗೆ ಮಾತು ಕೊಟ್ಟಿದ್ನಲ್ಲ.”

ಪಿಸುಮಾತಪ್ಪ ಬಾಯಿ ತೆರೆದ. ಕಣ್ಣೆರಡೂ ತುಂಬಿಬಂದವು, ಮಾತು ಮಾತ್ರ ಬರಲಿಲ್ಲ. ಸಾಹೇಬರು ಕಾದರು. ಇನ್ನೂ ಸ್ವಲ್ಪ ಕಾದರು. ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿಕೊಟ್ಟರು.

“ಬಹಳ ಉಪಕಾರ ಆಯ್ತು ಸರ್.”

“ಬಹಳ ಉಪಕಾರ ಆಯ್ತು ಸರ್,” ಎಂದ ಪಿಸುಮಾತಪ್ಪ.